ಎದ್ದು ನಿಲ್ಲಬೇಕಾದ ಹುಲ್ಲು

ಹುಲ್ಲು ಈ ಸಲವೂ ಎದ್ದು ನಿಲ್ಲಲಿಲ್ಲ.

ಸುಮಂಗಲಾ ಕಣ್ಣು ಮುಚ್ಚಿ ಹಲಗೆಯ ಮೇಲೆ ಬೆರಳಾಡಿಸಿ ನೋಡಿದಳು. ಒಣಗಿದ ಅಂಟು, ಅದರ ಮೇಲೆ ಮುದ್ದೆಮುದ್ದೆಯಾಗಿ ಬಿದ್ದ ಹಸಿರು ನೂಲಿನ ಚೂರು. ದಾರಿ ಎಲ್ಲಿ ಮುಗಿಯಿತು, ಹುಲ್ಲು ಎಲ್ಲಿ ಸುರುವಾಯಿತು ಎಂಬುದು ಬೆರಳಿಗೆ ತಿಳಿಯುತ್ತಲೇ ಇರಲಿಲ್ಲ. ಕಣ್ಣಿಗೆ ಚೆಂದ ಕಂಡರೆ ಸಾಕು ಎನ್ನುವಂತಿದ್ದರೆ ಹಸಿರು ಬಣ್ಣ ಬಳಿದು ಮುಗಿಸುತ್ತಿದ್ದಳು. ಆದರೆ ಈ ಹಲಗೆಯನ್ನು ಅಪ್ಪ ಬೆರಳಿನಿಂದಲೇ ನೋಡಬೇಕು.

ಅಪ್ಪ ದತ್ತಪ್ಪ ಕಮಲಾಪುರದಲ್ಲಿ, ಅವಳ ತಮ್ಮ ವಿಶ್ವಾಸನ ಸಂಸಾರದೊಂದಿಗೆ ಇದ್ದ. ಹೋದ ವರ್ಷ ಅವನ ಕಣ್ಣು ಪೂರ್ತಿ ಹೋಗಿದ್ದವು. ಹಾಗಿದ್ದೂ ದಿನಾ ಬೆಳಿಗ್ಗೆ ಕೋಲು ಹಿಡಿದು, ಬರಿಗಾಲಲ್ಲಿ, ಒಬ್ಬನೇ ಕೆಂಪು ಬಾಳೆಯ ತೋಟಕ್ಕೆ ಹೋಗಿ ಬರುತ್ತಿದ್ದ. ಆ ದಾರಿ ಅವನ ಪಾದಕ್ಕೆ ಬಾಯಿಪಾಠವಾಗಿತ್ತು. ಈ ಬೇಸಿಗೆಯಲ್ಲಿ ಪೈಪು ಹಾಕಲೆಂದು ಯಂತ್ರ ಬಂದು ಹಳೆಯ ದಾರಿಯನ್ನೇ ಅಗೆದು ಕಾಲುವೆ ಮಾಡಿತು. ಅಪ್ಪ ಅದರಲ್ಲಿ ಬಿದ್ದ. ಪೆಟ್ಟೇನೂ ದೊಡ್ಡದಲ್ಲ, ಮೊಣಕಾಲು ತರಚಿತ್ತು ಅಷ್ಟೆ. ಆದರೆ ಅಂದಿನಿಂದ ಹೊರಸು ಬಿಟ್ಟು ಏಳಲಿಲ್ಲ. ವಿಶ್ವಾಸ ಕೈ ಹಿಡಿದು ಕರೆದೊಯ್ಯುತ್ತೇನೆಂದರೆ, "ನನ್ನ ತ್ವಾಟಕ್ಕ ನಾ ಮಂದಿ ಕೈ ಹಿಡಕೊಂಡು ಹೋಗ್ಲೇನು? ಬಿಡು, ತ್ವಾಟ ನನಗ ಮುಗೀತು" ಎಂದು ಗೋಡೆಯ ಕಡೆ ಹೊರಳುತ್ತಿದ್ದ. ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದ.

ಸುಮಂಗಲಾ ಕಲಬುರಗಿಯಲ್ಲಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಕಾಲುವೆಯ ದಂಡೆಗೆ ಈಗ ಹೊಸ ಕಾಲುದಾರಿ ಬಿದ್ದಿತ್ತು. ದಾರಿಯ ಎರಡೂ ಕಡೆ ಕರಿಕಿ ಹುಲ್ಲು, ಎಡಗಡೆಯ ಹುಲ್ಲಿನ ಆಚೆ ಕಾಲುವೆ. ಆ ಹುಲ್ಲು ಮುಗಿದಲ್ಲಿ ಕಾಲುವೆ ದಾಟಲು ಒಂದು ಚಪ್ಪಡಿ, ಅದರಾಚೆ ಬಾಳೆ. ಇಷ್ಟನ್ನು ಹಲಗೆಯ ಮೇಲೆ ಬೆರಳಿನಿಂದ ಒಮ್ಮೆ ಕಲಿತರೆ ಅಪ್ಪನ ಪಾದ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂದು ಅವಳ ಲೆಕ್ಕ. "ಐತವಾರ ಬರ್ತೀನಪ್ಪ, ನಿನ್ನ ತ್ವಾಟದ ದಾರಿ ನಿನ್ನ ಕೈಯಾಗೇ ತಂದಿಡ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ಅಪ್ಪ "ಹೂಂ" ಎಂದಿದ್ದ. ಆ ಒಂದು ಹೂಂ ಅವಳನ್ನು ಕೂರಲು ಬಿಡುತ್ತಿರಲಿಲ್ಲ. ಈಗ ಶನಿವಾರ ಮಧ್ಯಾಹ್ನ.

ಮೊದಲು ಕಾಲೊರಸಿನ ತುಂಡು ಅಂಟಿಸಿದ್ದಳು. ಅದು ಬೆರಳಿಗೆ ಚುಚ್ಚಿತು. ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಆಟಿಕೆ ರೈಲಿನ ಸುತ್ತ ಹುಲ್ಲುಗಾವಲು ಮಾಡುವವರು ಸೊಳ್ಳೆ ಹೊಡೆಯುವ ಬ್ಯಾಟಿನಿಂದ ಒಂದು ಸಲಕರಣೆ ಮಾಡಿಕೊಳ್ಳುತ್ತಾರಂತೆ. ಬ್ಯಾಟಿನ ಬಲೆ ಕತ್ತರಿಸಿ, ಅದಕ್ಕೆ ಹೋಗುವ ಎರಡು ತಂತಿಗಳಲ್ಲಿ ಒಂದನ್ನು ತಂತಿಯ ಜಾಲರಿಗೆ ಸುತ್ತಿ ಬಿಗಿಯಬೇಕು, ಇನ್ನೊಂದನ್ನು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ ಸಿಕ್ಕಿಸಬೇಕು. ಜಾಲರಿಯಲ್ಲಿ ನೂಲಿನ ಚೂರು ಹಾಕಿ, ಗುಂಡಿ ಒತ್ತಿ ಅಲ್ಲಾಡಿಸಿದರೆ, ಚೂರುಗಳು ವಿದ್ಯುತ್ತು ಹತ್ತಿ ಅಂಟಿಗೆ ನೆಟ್ಟಗೆ ಬಂದು ನಾಟುತ್ತವೆ. ತಲೆ ಬಾಚಿದ ಹಣಿಗೆಗೆ ಕಾಗದದ ಚೂರು ಎದ್ದು ಬರುವುದನ್ನು ಅವಳು ಮಕ್ಕಳಿಗೆ ಎಷ್ಟು ಸಲ ತೋರಿಸಿಲ್ಲ!

ಕಬ್ಬಿಣದ ಜಾಲರಿ ನೆಹರು ಗಂಜಿನ ಪೇಟೆಯಲ್ಲಿ ಸಿಕ್ಕಿತು. ನೂಲಿನ ಚೂರಿನ ಪೊಟ್ಟಣ ಅಂಚೆಯಲ್ಲಿ ಬಂತು. ಅದನ್ನು ಬಿಚ್ಚಿ ನೋಡಿದ ಅತ್ತೆ ಹಣಮಮ್ಮ, "ಇದೇನವ್ವ, ಯಾರ್ದೋ ಹಸರ ಗಡ್ಡ ಬೋಳಿಸಿ ಕಳಿಸ್ಯಾರಲ್ಲ!" ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದಳು. ಬ್ಯಾಟಿನ ಬಲೆ ಕತ್ತರಿಸಿ ತಂತಿ ಎಳೆದುಕೊಟ್ಟವನು ಗಾಜಿಪುರದ ಅವರ ಗಲ್ಲಿಯಲ್ಲೇ ಕೂಲರು, ಮಿಕ್ಸಿ ರಿಪೇರಿ ಮಾಡುವ ತಾರಿಖ್. ಗುರುವಾರ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಪರೀಕ್ಷೆ ಮಾಡಿದಾಗ ಹುಲ್ಲು ಮುಳ್ಳುಹಂದಿಯ ಮೈಯಂತೆ ನಿಂತಿತ್ತು. ಸುಮಂಗಲಾ ಮತ್ತು ತಾರಿಖ್ ಇಬ್ಬರೂ ಮಕ್ಕಳಂತೆ ಚಪ್ಪಾಳೆ ಹೊಡೆದಿದ್ದರು.

ನಿನ್ನೆಯಿಂದ ಮಾತ್ರ ಏನೂ ಆಗದು. ಚೂರುಗಳು ಜಾಲರಿ ಬಿಟ್ಟು ಇಳಿಯವು, ಇಳಿದರೂ ಗಂಟುಗಂಟಾಗಿ ಬೀಳುವವು. ಹೊಸ ಸೆಲ್ಲು ಹಾಕಿದಳು. ಮೊಳೆ ಬದಲಿಸಿದಳು. ಕೂಲರಿನ ತೇವಕ್ಕೆ ಹೀಗಾಗುತ್ತದೇನೋ ಎಂದು ಅದನ್ನು ಆರಿಸಿದರೆ, ಆ ಧಗೆಗೆ ಅಂಟು ಹರಡುವಷ್ಟರಲ್ಲಿ ಕೆನೆಗಟ್ಟಿತು. ಕೂಲರು ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು. ಅಡುಗೆಮನೆಗೆ ಹೋದಳು, ಯಾಕೆ ಬಂದೆನೆಂದು ಮರೆತು ಹೊರಬಂದಳು. ಪೊಟ್ಟಣ ತಳ ಕಾಣುತ್ತಿತ್ತು. ಇನ್ನೊಂದು ತರಿಸಲು ವಾರ ಬೇಕು.

"ಒಂದೀಟು ಕೂಡು ಸುಮಾ, ನಿನ್ನ ನೋಡಿ ನನಗ ತಲಿ ತಿರಗಾಕತ್ತದ" ಎಂದಳು ಹಣಮಮ್ಮ.

"ಕೂತ್ರ ಹುಲ್ಲ ನಿಲ್ತದೇನ್ರಿ ಅತ್ತಿ?"

"ನೀ ನಿಂತ್ರೂ ಅದು ನಿಂತಿಲ್ಲಲ್ಲ!"

ಸುಮಂಗಲಾ ನಗಲಿಲ್ಲ. ಜಾಲರಿಯಿಂದ ತಂತಿ ಬಿಚ್ಚಿಟ್ಟು ಬ್ಯಾಟಿನ ಹಿಡಿಯನ್ನಷ್ಟೇ ಎತ್ತಿಕೊಂಡು ತಾರಿಖನ ಅಂಗಡಿಗೆ ಓಡಿದಳು. ಅವನು ಸ್ಕ್ರೂಡ್ರೈವರಿನಿಂದ ಎರಡೂ ತಂತಿ ಕೂಡಿಸಿದ. ಚಟ್ ಎಂದು ನೀಲಿ ಕಿಡಿ ಹಾರಿತು.

"ಕರೆಂಟ ಜಬರ್ದಸ್ತ್ ಬರಾಕತ್ತದ್ರಿ ಅಕ್ಕೋರ. ಬ್ಯಾಟಿನ ಕಸೂರ ಏನಿಲ್ಲ."

"ಹಂಗಾದ್ರ ಯಾರದ ಕಸೂರ ತಾರಿಖ್? ನಾಳಿ ಮುಂಜಾನೆ ನಮ್ಮಪ್ಪನ ಮುಂದ ಏನಂತ ಇಡ್ಲಿ ನಾ?"

ತಾರಿಖ್ ಸ್ಟೂಲು ಎಳೆದು ಹಾಕಿದ. "ಕುಂದರ್ರಿ, ಚಾ ಕುಡೀರಿ" ಎಂದ. ತನಗಾಗಿ ತರಿಸಿಕೊಂಡಿದ್ದ ಚಹಾದಲ್ಲೇ ಅರ್ಧ ಬಗ್ಗಿಸಿ ಅವಳ ಮುಂದಿಟ್ಟ. ನಿಂತುಕೊಂಡೇ ಕುಡಿದು, ಬಾಯಿ ಸುಟ್ಟುಕೊಂಡು, ಅವಳು ಮನೆಗೆ ಬಂದಳು.

ಬಂದು ನೋಡಿದರೆ ಹಣಮಮ್ಮ ಬಚ್ಚಲ ಹೊಸ್ತಿಲಲ್ಲಿ ಕೂತಿದ್ದಾಳೆ. ಮಡಿಲಲ್ಲಿ ಆ ಜಾಲರಿ. ಪಕ್ಕದಲ್ಲಿ ಆಗಷ್ಟೇ ತೊಳೆದಿಟ್ಟ ರೊಟ್ಟಿಯ ಹಂಚು. ಬಟ್ಟೆಯ ತುಂಡನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ, ಕೂಸಿನ ನೆತ್ತಿಗೆ ಎಣ್ಣೆ ಒತ್ತುವಷ್ಟು ನಯವಾಗಿ ಜಾಲರಿಯ ಕಣ್ಣುಕಣ್ಣಿಗೂ ಒರೆಸುತ್ತಿದ್ದಾಳೆ.

ಸುಮಂಗಲಾ ಅಲ್ಲೇ ನಿಂತಳು. "ಏನ್ ಮಾಡಾಕತ್ತೀರಿ ಅತ್ತಿ?"

"ತೊಳದು ಎಣ್ಣಿ ಒರಸಾಕತ್ತೀನಿ. ನಿನ್ನಿ ಮುಂಜಾನೆ ಹಂಚಿನ ಕೂಡ ಇದನ್ನೂ ಒರಸಿದ್ದೆ. ಕಬ್ಬಣ ಅಲ್ಲೇನು, ಹಂಗೇ ಬಿಟ್ರ ತುಕ್ಕ ಹಿಡೀತದ. ನಿನಗೆಲ್ಲಿ ಪುರುಸೊತ್ತು, ಹಗಲೆಲ್ಲಾ ಓಡ್ಯಾಡ್ತಿ."

ಗುರುವಾರ ಜಾಲರಿಗೆ ಎಣ್ಣೆ ಇರಲಿಲ್ಲ. ಶುಕ್ರವಾರ ಇತ್ತು. ಎಣ್ಣೆ ಹತ್ತಿದ ಚೂರು ಒಂದಕ್ಕೊಂದು ಅಂಟಿ ಗಂಟಾಗದೆ ಇನ್ನೇನು? ಎರಡು ದಿನದಿಂದ ತಂತಿ, ಸೆಲ್ಲು, ಗಾಳಿ, ಅಂಟು ಎಲ್ಲವನ್ನೂ ಅನುಮಾನಿಸಿದವಳು ಆ ಜಾಲರಿಯನ್ನು ಒಮ್ಮೆ ಮೂಸಿ ನೋಡಿದ್ದರೂ ಸಾಕಿತ್ತು. ನಾಲಿಗೆಯ ತುದಿಗೆ ಬಂದ ಮಾತು ಬಿರುಸಾಗಿತ್ತು. ಆದರೆ ಅತ್ತೆಯ ಗಂಟುಬಿದ್ದ ಬೆರಳುಗಳು ಒಂದು ಕಣ್ಣನ್ನೂ ಬಿಡದೆ ಒರೆಸುತ್ತಿದ್ದವು. ಆ ಬೆರಳು ರಾತ್ರಿಯೆಲ್ಲ ನೋಯುತ್ತವೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಇವತ್ತ ಎಣ್ಣಿ ಬ್ಯಾಡ್ರಿ ಅತ್ತಿ. ಇದಕ್ಕ ಶನಿವಾರದ ಉಪಾಸ ಅದ."

ಹಣಮಮ್ಮನ ಕೈ ನಿಂತಿತು. ಜಾಲರಿ ನೋಡಿದಳು, ಸೊಸೆಯ ಮುಖ ನೋಡಿದಳು. "ಅಂದ್ರ... ಹುಲ್ಲ ಮಲಗಿಸಿದಾಕಿ ನಾನೇ ಏನು?"

"ನಾನೇ ಹೇಳಬೇಕಿತ್ರಿ. ನಿಮ್ಮ ತಪ್ಪೇನದ?"

"ಎರಡ ದಿನ ನನ್ನ ಕಣ್ಣೆದುರ ಒದ್ದ್ಯಾಡಿದ್ಯಲ್ಲೇ ಹುಚ್ಚಿ!" ಎನ್ನುತ್ತ ಹಣಮಮ್ಮ ಎದ್ದೇಬಿಟ್ಟಳು. ಬಿಸಿನೀರು ಕಾಯಿಸಿದಳು. ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದಳು. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು, ಕಾಗೆ ಒಯ್ದೀತೆಂದು ಪಕ್ಕದಲ್ಲೇ ತಲೆಗೆ ಸೆರಗು ಹೊದ್ದು ಕೂತಳು. ಕೆಳಗೆ ಬಾ ಎಂದರೆ ಕೇಳಲಿಲ್ಲ.

ಪೊಟ್ಟಣದಲ್ಲಿ ಉಳಿದದ್ದು ಒಂದು ಹಿಡಿ ಚೂರು. ಎರಡೂ ಬದಿಗೆ ಸಾಲದು. ಸುಮಂಗಲಾ ಹಲಗೆಯ ಹಳೆಯ ಮುದ್ದೆಗಳನ್ನೆಲ್ಲ ಕೆರೆದು ತೆಗೆದು, ಎಡಗಡೆ ಮಾತ್ರ, ಕಾಲುವೆಯ ಬದಿಗೆ ಮಾತ್ರ, ಹೊಸದಾಗಿ ಅಂಟು ಬಳಿದಳು. ಜಾಲರಿಗೆ ತಂತಿ ಸುತ್ತಿ ಬಿಗಿದು ಗುಂಡಿ ಒತ್ತಿದಳು. ಹಣಮಮ್ಮ ಪಕ್ಕದಲ್ಲೇ ಬಗ್ಗಿ ನಿಂತಳು. ಸಣ್ಣಗೆ ಸರಸರ ಸದ್ದಾಯಿತು. ಹಸಿರು ಚೂರುಗಳು ಒಂದೊಂದಾಗಿ ಇಳಿದು, ತುದಿಯೂರಿ, ನೆಟ್ಟಗೆ ನಿಂತವು.

"ಅಯ್ಯ, ನನ್ನ ಮೈಮ್ಯಾಲಿನ ಕೂದಲೂ ನಿಂತಾವ ನೋಡ!" ಎಂದಳು ಹಣಮಮ್ಮ.

ಮರುದಿನ ಬಸ್ಸಿನಲ್ಲಿ ಹಲಗೆ ಸುಮಂಗಲಾಳ ತೊಡೆಯ ಮೇಲಿತ್ತು. ಕಿಟಕಿಯ ಗಾಳಿಗೆ ಮೇಲಿನ ಬಟ್ಟೆ ಹಾರುವುದನ್ನು ಕಂಡು ಪಕ್ಕದ ಹೆಂಗಸು, ಏನು ಎತ್ತ ಎಂದು ಕೇಳದೆ, ಕಮಲಾಪುರದವರೆಗೂ ಅದರ ತುದಿ ಹಿಡಿದುಕೊಂಡಳು.

ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಹಲಗೆಯನ್ನು ಹೊರಸಿನ ಮೇಲಿಟ್ಟು, ಅವನ ಕೈ ತೆಗೆದು ಬಾಗಿಲ ಗುರುತಿನ ಮೇಲೆ ಇಟ್ಟಳು. "ಇಲ್ಲಿಂದ ಹೊರಡು ಅಪ್ಪ."

ಬೆರಳು ಮರಳು ಅಂಟಿಸಿದ ದಾರಿಗೆ ಬಂತು. ಹುಲ್ಲಿಗೆ ತಾಗಿ ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಅಪ್ಪ ಎದ್ದು ಕೂತ.

"ಎಡಕ್ಕ ಕರಿಕಿ. ಬಲಕ್ಕ ಯಾಕಿಲ್ಲ?"

"ಸಾಲಲಿಲ್ಲಪ್ಪ. ಎಡಕ್ಕ ಹುಲ್ಲಿನಾಚೆ ಕಾಲುವಿ ಅದ. ಎಡಗಾಲಿಗಿ ಹುಲ್ಲ ಹತ್ತಿಸ್ಕೋತ ನಡಿ. ಹುಲ್ಲ ತಪ್ಪಿದಲ್ಲಿ ನಿಲ್ಲು, ಎಡಕ್ಕ ಚಪ್ಪಡಿ."

ಬೆರಳು ಹುಲ್ಲಿನ ಕೊನೆಗೆ ಬಂತು. ಚಪ್ಪಡಿಗೆಂದು ಅವಳು ಅಂಟಿಸಿದ್ದ ಫರ್ಸಿ ಕಲ್ಲಿನ ಚಕ್ಕೆಯನ್ನು ತಟ್ಟಿತು. ಅಪ್ಪ ಆಮೇಲೆ ಕೈಯನ್ನು ಮೂಗಿನ ಹತ್ತಿರ ಒಯ್ದ.

"ಕುಸುಬಿ ಎಣ್ಣಿ ವಾಸನಿ ಬರಾಕತ್ತದಲ್ಲ?"

ಸುಮಂಗಲಾ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪನ ಭುಜ ಅಲುಗಿದವು. ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಗಳಿಗೆ ಹಿಡಿಯಿತು. "ಬೀಗತಿ ನನ್ನ ತ್ವಾಟಕ್ಕ ಒಗ್ಗರಣಿ ಹಾಕ್ಯಾಳಂದಂಗಾತು!" ಎಂದ. ಮತ್ತೆ ಬೆರಳು ಬಾಗಿಲ ಗುರುತಿಗೆ ಮರಳಿತು. ಎಷ್ಟೋ ಸಲ ಹೋಗಿ ಬಂತು. ಅವಳು ಕೂತಳು, ಎದ್ದಳು, ಬಾಗಿಲಿಗೆ ಹೋಗಿ ಬಂದಳು.

"ಕೋಲ ಎಲ್ಲದ?" ಎಂದು ಅಪ್ಪ ಕೇಳಿದ.

ವಿಶ್ವಾಸ ತಂದುಕೊಟ್ಟ. ಅಪ್ಪ ಬರಿಗಾಲಲ್ಲಿ ಹೊಸ್ತಿಲು ದಾಟಿ ಹೊಸ ದಾರಿಗೆ ಬಂದ. ಎಡಪಾದ ಸರಿಸಿ ಕರಿಕಿಯನ್ನು ಹುಡುಕಿತು, ಸಿಕ್ಕಿತು, ನಡೆಯಿತು. ಸುಮಂಗಲಾ ಹಿಂದೆಯೇ ಎರಡೂ ಕೈ ಚಾಚಿಕೊಂಡು ನಡೆದಳು.

"ಬೆನ್ನಾಗ ಉಸರ ಬಿಡಬ್ಯಾಡ" ಎಂದ ಅಪ್ಪ. "ದೂರ ಬಾ."

ಅವಳು ನಿಂತುಬಿಟ್ಟಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗನ್ನು ಮುದ್ದೆ ಮಾಡಿ ಹಿಡಿದಳು. ಅಪ್ಪ ಕಾಲುವೆಯ ದಂಡೆಗುಂಟ ಹೋದ. ಒಂದು ಕಡೆ ಹುಲ್ಲು ತಪ್ಪಿತು. ಅಪ್ಪ ನಿಂತ. ಕೋಲು ಎಡಕ್ಕೆ ಹೋಗಿ ಕಲ್ಲಿಗೆ ಟಕ್ ಎಂದಿತು. ಇನ್ನೊಮ್ಮೆ ಟಕ್. ಅವನು ಚಪ್ಪಡಿ ದಾಟಿದ.

ಆಚೆ ಮೊದಲ ಬಾಳೆಗಿಡಕ್ಕೆ ಅಂಗೈ ಹಚ್ಚಿದ. ಆಮೇಲೆ ಮೇಲಕ್ಕೆ ಕೈ ಚಾಚಿ ಗೊನೆಯನ್ನು ತಡವಿ, ಈಚೆಯ ದಂಡೆಗೆ ಕೇಳುವಂತೆ ಕೂಗಿದ:

"ವಿಶ್ವಾಸ! ಕುಡಗೋಲ ತಾರೋ. ಬಲಿತಾವು. ಬೀಗತಿಗಿ ಎರಡ ಹಣಿಗಿ ಬಾಳಿಕಾಯಿ ಕೊಯ್ದು ಕಳಸೂಣು."