ಜನರಲ್ ಸಾಕು

ಲೇತ್ ಮೇಲೆ ಕಬ್ಬಿಣ ಕಡೆಯುವವನಿಗೆ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಕೈಗೆ ತಿಳಿಯುತ್ತದೆ. ಹೆಂಡತಿ ತನಗಿಂತ ಎಷ್ಟು ಎತ್ತರ ಎಂಬುದೂ ಅವನಿಗೆ ಅಷ್ಟೇ ಕರಾರುವಾಕ್ಕಾಗಿ ತಿಳಿದಿತ್ತು. ಅದೇ ಅವನ ಗಂಟಲ ಮುಳ್ಳು. ಅವನು ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು. ಅವಳು ದೊಡ್ಡಾಸ್ಪತ್ರೆಯ ನರ್ಸು, ಹೊಸ ಡಾಕ್ಟರುಗಳು "ಸಿಸ್ಟರ್" ಎಂದು ಎದ್ದು ನಿಲ್ಲುವಷ್ಟು ಹಳಬಳು.

ಇಬ್ಬರೂ ವಿದೇಶಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಮಂಚ ಹಿಡಿದಿದ್ದ ಅವನ ಅಮ್ಮನನ್ನು ಅಕ್ಕ ನೋಡಿಕೊಳ್ಳುವುದೆಂದು ಮಾತಾಗಿತ್ತು. ಉಳಿದದ್ದು ಇಂಗ್ಲಿಷ್ ಪರೀಕ್ಷೆ. ದರಿದ್ರ ಪರೀಕ್ಷೆಯಲ್ಲೂ ಎರಡು ಜಾತಿ: ಅಕಾಡೆಮಿಕ್ಕು, ಜನರಲ್ಲು. ನರ್ಸಾಗಬೇಕಾದರೆ ಅಕಾಡೆಮಿಕ್ಕೇ ಆಗಬೇಕು. ಕೈಕೆಲಸದವರಿಗೆ ಜನರಲ್. ಅವಳು ಅಕಾಡೆಮಿಕ್ ಗೆದ್ದರೆ ವೀಸಾ ಅವಳದು, ಗಂಡ ಅವಳ ಅವಲಂಬಿತ.

ಇದು ವರ್ಕ್‌ಶಾಪಿನಲ್ಲಿ ಗೊತ್ತಾದದ್ದೇ ತಡ, ವೆಲ್ಡರ್ ಕನ್ನಡಕ ಹಣೆಗೇರಿಸಿ ಶುರು ಹಚ್ಚಿಕೊಂಡ.

"ಏನಪ್ಪಾ ಲಗೇಜು, ಎಷ್ಟು ಕೆಜಿ ಇದ್ದೀಯ? ಹೆಂಡ್ತಿ ಮಡಿಲಲ್ಲಿ ಕೂರಿಸ್ತಾರೋ, ಇಲ್ಲಾ ಕೆಳಗಡೆ ಪೆಟ್ಟಿಗೆ ಜೊತೆ ತುರುಕ್ತಾರೋ?"

ಅಂದಿನಿಂದ ಅವನು ಲಗೇಜು. ಗೇಟಿನ ಕಾವಲುಗಾರನೂ ಹಾಗೇ ಕರೆದ.

ಮನೆಯಲ್ಲಿ ಅಮ್ಮ. ಒಂದು ಮಗ್ಗುಲು ಬಿದ್ದುಹೋಗಿತ್ತು, ನಾಲಿಗೆ ಮಾತ್ರ ಗಟ್ಟಿಮುಟ್ಟು. ಸೊಸೆ ಅವಳ ಮೈ ಒರೆಸಿ, ಬಟ್ಟೆ ಬದಲಿಸಿ, ಪೌಡರ್ ಹಾಕಿ ಡ್ಯೂಟಿಗೆ ಹೊರಡುವುದನ್ನೇ ಕಾದಿದ್ದು ಬಾಯಿ ತೆರೆದಳು.

"ಅಲ್ಲಿ ಅವಳು ಆಫೀಸರಮ್ಮ, ನೀನು ಪಾತ್ರೆ ತಿಕ್ಕೋನು. ತಲೆ ಮೇಲೆ ಕೂತವಳನ್ನ ಆಮೇಲೆ ಇಳಿಸೋಕಾಗಲ್ಲ ಮಗಾ."

ಆ ವಾರ ಅವಳಿಗೆ ಎರಡೆರಡು ಡ್ಯೂಟಿ. "ರೀ, ಇಬ್ಬರ ಫೀಸೂ ನೀವೇ ಕಟ್ಟಿ ಬಂದುಬಿಡಿ. ನಂದು ಅಕಾಡೆಮಿಕ್ಕು, ನಿಮ್ಮದು ಜನರಲ್ಲು. ಮರೀಬೇಡಿ ಮತ್ತೆ," ಎಂದು ಬಾಗಿಲಲ್ಲೇ ಹೇಳಿ ಓಡಿದಳು.

ಕೋಚಿಂಗ್ ಸೆಂಟರಿನ ಮೇಷ್ಟ್ರಿಗೆ ಗಿಳಿ ಎಂದು ಅಡ್ಡಹೆಸರು. ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದ, "ಮೇಡಮ್ಮಿಂದು ಅಕಾಡೆಮಿಕ್ ತಾನೇ?"

"ಅಲ್ಲ. ಇಬ್ಬರದೂ ಜನರಲ್."

"ನರ್ಸಲ್ವೇನ್ರೀ ಅವರು?"

"ಜನರಲ್ ಸಾಕು ಅಂದ್ನಲ್ಲ ಸಾರ್. ಅಲ್ಲಿ ದುಡಿಯೋನು ನಾನು. ಅವಳು ಮನೇಲಿರ್ತಾಳೆ."

ಗಿಳಿಗೆ ಫೀಸು ಬಂದರಾಯಿತು. ಜನರಲ್ ಎಂದೇ ಒತ್ತಿದ. ಹಾಲ್ ಟಿಕೆಟ್ಟುಗಳು ಪರೀಕ್ಷೆಯ ಬೆಳಿಗ್ಗೆಯವರೆಗೂ ಇವನ ಜೇಬಿನಿಂದ ಹೊರಬರಲಿಲ್ಲ. ಗೇಟಿನಲ್ಲೂ ಎರಡನ್ನೂ ಇವನೇ ತೋರಿಸಿದ.

ಹಾಲಿನಲ್ಲಿ ಅವಳು ಎರಡು ಸಾಲು ಮುಂದೆ. ಕೇಳುವ ಪರೀಕ್ಷೆ ಇಬ್ಬರಿಗೂ ಒಂದೇ, ಅದು ಸುಸೂತ್ರವಾಗಿ ಮುಗಿಯಿತು. ಓದುವ ಪೇಪರ್ ಬಂತು. ಅವಳ ಬೆನ್ನು ಸೆಟೆದು ನಿಂತಿತು. ತಲೆಬರಹ ನೋಡಿದಳು, ಮಗುಚಿದಳು, ಮತ್ತೆ ನೋಡಿದಳು. ಆಮೇಲೆ ಕತ್ತು ತಿರುಗಿಸಿ ಇವನನ್ನು ಒಮ್ಮೆ, ಒಂದೇ ಒಮ್ಮೆ ನೋಡಿದಳು. ಇವನು ಪೆನ್ಸಿಲ್ಲಿನ ಮೊನೆ ಪರೀಕ್ಷಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳ ಕೈ ಓಡತೊಡಗಿತು.

ಬರೆಯುವ ಪೇಪರಿನಲ್ಲಿ ಪತ್ರ ಬಂದಿತ್ತು: ನೆರೆಮನೆಯವರ ವಸ್ತುವೊಂದನ್ನು ಹಾಳು ಮಾಡಿದ್ದೀರಿ, ಕ್ಷಮೆ ಕೇಳಿ. ಅವಳು ಪುಟ ತುಂಬಿಸಿದಳು. ಇವನ ಹತ್ತಿರ 'ಸಾರಿ' ಎಂಬುದೊಂದೇ ಮಾತಿತ್ತು. ಅದನ್ನೇ ಮೂರು ಸಲ ಗೀಚಿ ಕೂತ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಗಿಳಿಯ ಮೇಲೆ ಗೂಬೆ ಕೂರಿಸಲು ಅವನು ಹೊಂದಿಸಿಟ್ಟ ಸುಳ್ಳುಗಳೆಲ್ಲ ಹೊಟ್ಟೆಯಲ್ಲೇ ಹಳಸಿದವು. ಮನೆಗೆ ಬಂದು ಅವಳು ಸೆರಗು ಸಿಕ್ಕಿಸಿ ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿದಳು.

ಫಲಿತಾಂಶ ಬಂತು. ಇವನು ಮಕಾಡೆ ಮಲಗಿದ್ದ. ಅವಳ ಅಂಕ ನೋಡಿ ವೀಸಾ ಏಜೆಂಟು ತಲೆ ಚಚ್ಚಿಕೊಂಡ.

"ಇಂಥಾ ಅಂಕ ಇಟ್ಕೊಂಡು ಜನರಲ್ ಬರೆದಿರಲ್ಲಮ್ಮಾ! ಇದರಲ್ಲಿ ನರ್ಸ್ ಆಗೋ ಹಾಗಿಲ್ಲ. ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯೋ ಕೆಲಸ ಇದೆ. ಅದೂ ಒಂಟಿ ವೀಸಾ, ಗಂಡನ್ನ ಕರ್ಕೊಂಡು ಹೋಗೋಕಾಗಲ್ಲ. ಇನ್ನೊಂದು ಸಲ ಅಕಾಡೆಮಿಕ್ ಕಟ್ಟಿ, ಇಬ್ಬರೂ ಹಾರಿ."

ಇವನ ಮುಖ ಅರಳಿತು. "ಹೌದು ಕಣೇ, ಕಟ್ಟೋಣ. ನಾಳೇನೇ ಕಟ್ಟಿಬರ್ತೀನಿ. ಒಟ್ಟಿಗೇ ಹೋಗೋಣ."

"ಯಾಕ್ರೀ ಅಷ್ಟೊಂದು ತೊಂದರೆ?" ಅವಳ ದನಿಯಲ್ಲಿ ಜೇನು ಸೋರುತ್ತಿತ್ತು. "ಜನರಲ್ ಸಾಕು ಅಂದಿರಂತಲ್ಲ. ಗಿಳಿ ಮೇಷ್ಟ್ರು ಒಂದಕ್ಷರ ಬಿಡದೆ ಒಪ್ಪಿಸಿದ್ರು. ಒಂಟಿ ವೀಸಾನೇ ಮಾಡಿ ಸಾರ್."

"ವಾರ್ಡು ಆಳಿದವಳು ಅಲ್ಲಿ ಹೋಗಿ ಹೇಲು ಬಾಚ್ತೀಯೇನೇ?"

"ಇಲ್ಲಿ ಬಾಚ್ತಿಲ್ವಾ?"

ಹೊರಡುವ ಮುಂಚೆ ಅವನಿಗೆ ಎಲ್ಲ ಕಲಿಸಿದಳು, ಹೊಸ ನರ್ಸಿಗೆ ಕಲಿಸುವ ಹಾಗೆ. "ಎರಡು ಗಂಟೆಗೊಮ್ಮೆ ಹೊರಳಿಸಿ. ಇಲ್ಲಾಂದ್ರೆ ಬೆನ್ನು ಕೊಳೆಯತ್ತೆ. ನಾಚ್ಕೋಬೇಡಿ, ಹೆತ್ತವಳು."

ಅಕ್ಕನಿಗೆ ಫೋನ್ ಮಾಡಿದರೆ, "ನೀನೇ ಇದ್ದೀಯಲ್ಲೋ, ಇನ್ನು ನಾನ್ಯಾಕೆ?" ಎಂದು ಇಟ್ಟುಬಿಟ್ಟಳು. ವರ್ಕ್‌ಶಾಪಿನಲ್ಲಿ ವೆಲ್ಡರ್ ಕೇಳಿದ, "ಏನೋ ಲಗೇಜು, ಏರ್‌ಪೋರ್ಟಲ್ಲೇ ಮರೆತು ಹೋದ್ಲಾ?"

ಅವಳು ಹೋದ ಮೊದಲ ಬೆಳಿಗ್ಗೆ ಅವನು ಒದ್ದೆ ಬಟ್ಟೆ ಹಿಡಿದು ಅಮ್ಮನ ಬೆನ್ನು ಒರೆಸಿದ. ಕಬ್ಬಿಣದ ಚೂರು ತಿಂದು ಸೀಳಿದ ಬೆರಳುಗಳು. ಅಮ್ಮ ಚೀರಿದಳು.

"ಕೈಯೇನೋ ಅದು, ಅರದಲ್ಲಿ ಉಜ್ಜಿದ ಹಾಗಿದೆ! ಅವಳನ್ನ ಕರಿಯೋ!"

"ಹೋದ್ಲಮ್ಮಾ."

"ಅಯ್ಯೋ ಮುಂಡೇದೇ, ಯಾಕೋ ಬಿಟ್ಟೆ ಅವಳನ್ನ?"

ಅವನು ಒದ್ದೆ ಬಟ್ಟೆ ಬಕೆಟ್ಟಿಗೆ ಎಸೆದ. ಭುಜ ಹಿಡಿದು ಅವಳ ಮುಖ ಗೋಡೆಗೆ ಬರುವಂತೆ ಹೊರಳಿಸಿದ. ಹೊರಳಿಸುವ ಹೊತ್ತು ಇನ್ನೂ ಆಗಿರಲಿಲ್ಲ.