ಬರಿಗೈ ಜಾಹೀರಾತು

ಅಪ್ಪ ನಟಿಸಿದ್ದ ಜಾಹೀರಾತು ಎಲ್ಲೂ ಸಿಗಲಿಲ್ಲ. ಹೊಗೆಸೊಪ್ಪಿನ ಹುಳಕ್ಕೆ ಹೊಡೆಯುವ ಔಷಧಿಯದು. ಬಕೆಟ್ಟಿಗೆ ಬರಿಗೈ ಹಾಕಿ ಕಲೆಸುತ್ತ, "ನನ್ನ ಕೈ ನೋಡಿ, ನಂಬಿ" ಎಂದು ಅಪ್ಪ ನಗುತ್ತಿದ್ದರು. ಪಿರಿಯಾಪಟ್ಟಣದ ಕೇಬಲ್‌ನಲ್ಲಿ ಒಂದು ಬೆಳೆಗಾಲವಿಡೀ ಬಂತು, ಆಮೇಲೆ ಸದ್ದಿಲ್ಲದೆ ನಿಂತಿತು. ಶೂಟಿಂಗ್ ದಿನ ಬಕೆಟ್ಟಿನಲ್ಲಿದ್ದದ್ದು ಬರೀ ನೀರುಮಜ್ಜಿಗೆ. ಆದರೆ ಟೀವಿಯಲ್ಲಿ ಹಾಗೆ ಹೇಳಿದ ಮೇಲೆ ಊರವರ ಎದುರು ಕೋಲು ಹಿಡಿದು ಕಲೆಸುವುದು ಹೇಗೆ? ಮಾನ ಹೋಗುತ್ತದೆಂದು ಅಪ್ಪ ನಿಜವಾದ ಔಷಧಿಗೂ ಕೈಯನ್ನೇ ಹಾಕಿದರು. ಅಂಥ ಮಾನಕ್ಕಿಷ್ಟು ಬೆಂಕಿ ಹಾಕ!

ಈಗ ಅವರ ಬೆರಳುಗಳಿಗೆ ಏನೂ ತಿಳಿಯುವುದಿಲ್ಲ. ಎಲೆ ಮುಟ್ಟಿ ಹದ ಹೇಳುತ್ತಿದ್ದವರ ಅಂಗಿಯ ಗುಂಡಿಯನ್ನು ನಾನು ಹಾಕಬೇಕು. ಕಂಪನಿಯವರು ಅಂಥ ಜಾಹೀರಾತೇ ಮಾಡಿಲ್ಲ ಎಂದರು. ಅದು ಕೈಗೆ ಸಿಕ್ಕರೆ ಮಾತ್ರ ಕಂಪನಿಯ ಮೇಲಿನ ಕೇಸು ಗಟ್ಟಿಯಾಗುತ್ತದೆ ಎಂದರು ವಕೀಲರು. ಕೇಬಲ್ ನಡೆಸುವ ಶರತ್‌ನನ್ನು ಕೇಳಿದೆ.

"ಮೊನ್ನೆ ಯಾರೋ ಕಾರಲ್ ಬಂದು ಹಳೇ ಡಿಸ್ಕೆಲ್ಲ ತಗೊಂಡೋದ್ರು ಕಣಕ್ಕ. ನೀವು ಬಂದಿದ್ರಾ ಅಂತ್ಲೂ ಕೇಳುದ್ರು. ನಿಮ್ಮೆಸ್ರು ಅವ್ರಿಗೆ ಗೊತ್ತಿತ್ತು."

ಅವನು ದನಿ ತಗ್ಗಿಸಿದ.

"ಆ ಜಾಹೀರಾತು ಬರ್ತಿದ್ದಾಗ್ಲೇ ಕಂಠಪ್ಪೋರ ಮಗಳ ಮದ್ವೆ ಆಗಿದ್ದು, ವಿಡಿಯೊ ತೆಗ್ದಿದ್ದು ನಾನೇ. ಅರಿಶಿನ ಹಚ್ಚೋವಾಗ ಮನೇಲಿ ಟೀವಿ ಓಡ್ತಿತ್ತು. ಅದ್ರಲ್ಲೇನಾರಾ ಬಂದಿದ್ರೆ ನೋಡಿ."

ಕಂಠಪ್ಪ ನಮ್ಮ ಹೊಲದ ಪಕ್ಕದವರು. ಹೋದ ವರ್ಷ ಕೈಕಾಲು ನಡುಗಿ ನಡುಗಿ ತೀರಿಕೊಂಡರು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅವರ ಮನೆಗೆ ಅಪ್ಪನೂ ನನ್ನ ಜೊತೆ ಬಂದರು, ಜಗಲಿಯಲ್ಲೇ ಕುಳಿತರು. ಒಳಗೆ ಕಂಠಪ್ಪನವರ ಹೆಂಡತಿ ಸುಂದ್ರಮ್ಮ ಟೀವಿಗೆ ಮದುವೆ ವಿಡಿಯೊದ ಪೆನ್‌ಡ್ರೈವ್ ಚುಚ್ಚಿದರು.

ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದ ಮದುಮಗಳ ಹಿಂದೆ, ಗೋಡೆಯ ಟೀವಿಯಲ್ಲಿ ಅಪ್ಪ! ಬಕೆಟ್ಟು, ಬರಿಗೈ, ಕಂಪನಿಯ ಹೆಸರು, ಎಲ್ಲ ಸ್ಪಷ್ಟ. ಖುಷಿಗೆ ಕೂಗಿಬಿಟ್ಟೆ. ಅಷ್ಟರಲ್ಲಿ ವಿಡಿಯೊದೊಳಗೆ ಕಂಠಪ್ಪ ನಡೆದು ಬಂದು, ಟೀವಿಯತ್ತ ಕೈ ತೋರಿಸಿ, ನೆಂಟರ ಕಡೆ ತಿರುಗಿದರು.

"ನೋಡ್ರಪ್ಪ, ನಮ್ ನಟರಾಜು! ಅವ್ನು ಹೇಳುದ್ಮೇಲೆ ಮುಗೀತು ಬುಡಿ. ಇನ್ಮೇಲೆ ನಾನೂ ಬರಿಗೈಲೇ ಕಲಸೋದು."

ಸುಂದ್ರಮ್ಮ ನಿಲ್ಲಿಸಿದರು. ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಕೇಳಿದರು.

"ದೊಡ್ಡಮ್ಮ..." ಎಂದೆ.

"ಸುಮ್ನಿರವ್ವ." ಅವರು ಪೆನ್‌ಡ್ರೈವ್ ಕಿತ್ತು ಮುಷ್ಟಿಯೊಳಗೆ ಬಿಗಿಹಿಡಿದರು. "ಡಾಕ್ಟ್ರು ಹೇಳ್ದೇ ಹೋಗಿದ್ದು ಇವತ್ತು ಗೊತ್ತಾಯ್ತು. ನಿಮ್ಮಪ್ಪನ್ನ ಒಳಿಕ್ ಕರಿ."

ನಾನು ಕದಲಲಿಲ್ಲ. ಜಗಲಿಯಿಂದ ಅಪ್ಪನ ದನಿ ಬಂತು, ಎಷ್ಟೋ ದಿನದ ಮೇಲೆ ಗೆಲುವಾಗಿತ್ತು.

"ಸಿಕ್ತೇನವ್ವಾ?"