ಇಪ್ಪತ್ತೊಂಬತ್ತು ಬಾವಿಗಳು

"ಎಲ್ಲಾ ಸರಿ ಮರಿ, ಇದರಲ್ಲಿ ರೆನಾರ್ಡ್ ಎಲ್ಲಿ?" ಎಂದಳು ಒಡೆಸ್ಸಾ ಸಿಮಂಡ್ಸ್, ವಿದ್ಯಾರ್ಥಿವೇತನದ ಅರ್ಜಿಗೆ ಹುಡುಗಿ ಬರೆದಿದ್ದ ಪ್ರಬಂಧ ಓದಿ, ಕನ್ನಡಕವನ್ನು ಹಣೆಗೇರಿಸಿ.

ಎದುರಿಗಿದ್ದ ಡೆಲೋರಾ ಆಗಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹನ್ನೆರಡಕ್ಕೆ ಅವಳು ದಿನಸಿ ಅಂಗಡಿಯ ಗಲ್ಲಾದಲ್ಲಿರಬೇಕು. "ನಮ್ಮೂರಿನ ಇಪ್ಪತ್ತೊಂಬತ್ತು ಬಾವಿಗಳ ನೀರು ಎತ್ತಿ ನೋಡಿದ್ದನ್ನ ಬರ್ದಿದೀನಿ, ಮಿಸ್. ಅಷ್ಟೇ."

"ಅವ್ರು ಕೇಳ್ತಿರೋದು ನೀನು ದಾಟಿ ಬಂದ ಕಷ್ಟ."

"ಜನವರಿ ಚಳೀಲಿ ಬಾವಿ ಮುಚ್ಚಳ ಎತ್ತಿ ನೋಡಿ ನೀವು," ಎಂದು ಹೇಳಿ ಹುಡುಗಿ ಮೆಟ್ಟಿಲು ಹತ್ತಿ ಹೋದಳು.

ಹ್ಯಾಲಿಫ್ಯಾಕ್ಸ್ ಹೊರವಲಯದ ಆ ಚರ್ಚಿನ ನೆಲಮಾಳಿಗೆಯಲ್ಲಿ ಒಡೆಸ್ಸಾ ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಕಪ್ಪು ಜನಾಂಗದ ಮಕ್ಕಳನ್ನು ಕೂರಿಸಿಕೊಂಡು ವಿಶ್ವವಿದ್ಯಾಲಯಕ್ಕೆ ಬೇಕಾದ ಗಣಿತ ಕಲಿಸುತ್ತಿದ್ದಳು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಿದ್ದಳು. ಕೊಡುವವರಿಗೆ ಏನು ಓದಬೇಕೆನ್ನಿಸುತ್ತದೆ ಎಂಬುದು ಅವಳಿಗೆ ಕರಗತವಾಗಿತ್ತು: ಅಪ್ಪನ ಜೈಲು, ಅಮ್ಮನ ಕಾಯಿಲೆ. ಮಕ್ಕಳು ಅತ್ತುಕೊಂಡು ಬರೆದರು, ನೆರವು ಬಂತು. ಡೆಲೋರಾಳ ಅಣ್ಣ ರೆನಾರ್ಡ್‌ನನ್ನು ಹೋದ ವರ್ಷ ಯಾರೋ ಬೇರೊಬ್ಬನೆಂದು ತಪ್ಪು ತಿಳಿದು ಗುಂಡಿಟ್ಟು ಕೊಂದಿದ್ದರು. ಅದೊಂದನ್ನು ಬರೆದರೆ ಸಾಕು ಎಂದುಕೊಂಡ ಒಡೆಸ್ಸಾಗೆ, ಹಾಗೆ ಅಂದುಕೊಂಡದ್ದಕ್ಕೇ ನಾಚಿಕೆಯಾಯಿತು.

ಅರ್ಜಿಗೆ ನಾಲ್ಕು ಗಂಟೆಯವರೆಗೆ ಸಮಯ. ಅವಳು ಕಂಪ್ಯೂಟರಿನ ಮುಂದೆ ಕೂತಳು, ಎದ್ದಳು. ತೊಳೆದಿದ್ದ ಕಪ್ಪನ್ನೇ ಮತ್ತೆ ತೊಳೆದಳು. ಹುಡುಗಿಯ ಪಾಸ್‌ವರ್ಡ್ ಒಡೆಸ್ಸಾಳಲ್ಲೇ ಇತ್ತು. ಕೊನೆಗೆ ರೆನಾರ್ಡ್ ಬಗ್ಗೆ ನಾಲ್ಕು ವಾಕ್ಯ ಟೈಪು ಮಾಡಿಯೇಬಿಟ್ಟಳು. ಅವು ಎಲ್ಲೂ ತಡವರಿಸದೆ ಇಳಿದವು. ಓದಿ ನೋಡಿದರೆ, ಹಿಂದೆ ಮೂವರು ಮಕ್ಕಳಿಗೆ ಬರೆದುಕೊಟ್ಟಿದ್ದ ಮಾತುಗಳೇ. ಹೆಸರು ಮಾತ್ರ ಬೇರೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದಳು. ಹಾಳೆಯನ್ನು ಪ್ರಿಂಟು ಮಾಡಿಕೊಂಡು ಕಾರು ಹತ್ತಿದಳು.

ಅಂಗಡಿಯಲ್ಲಿ ಸರದಿ ಉದ್ದವಿತ್ತು. ಅವಳು ಬೇಡದ ಒಂದು ಬ್ರೆಡ್ ಹಿಡಿದು ನಿಂತು, ತನ್ನ ಪಾಳಿ ಬಂದಾಗ ಅದರ ಜೊತೆ ಹಾಳೆಯನ್ನೂ ಇಟ್ಟಳು. ಡೆಲೋರಾ ನಿಂತಲ್ಲೇ ಓದಿದಳು.

"ಇದು ನೀವು ಬರ್ದಿದ್ದು."

"ಹೌದು."

"ನಾನು ಬರ್ದಿದ್ರಲ್ಲಿ ಅಣ್ಣ ಮೊದಲೇ ಇದ್ದಾನೆ. ಹದಿನೇಳು ಬಾವೀಲಿ ನೀರೆತ್ತೋಕೆ ಹಗ್ಗ ಹಿಡಿದಿದ್ದು ಅವ್ನೇ. ಆಮೇಲಿನ ಹನ್ನೆರಡು ನಾನೊಬ್ಳೇ. ಹದಿನೇಳರವರೆಗೂ 'ನಾವು' ಅಂತಿದೆ, ಅಲ್ಲಿಂದ 'ನಾನು'. ನೀವು ಓದ್ಲಿಲ್ವಾ, ಮಿಸ್?"

ಒಡೆಸ್ಸಾ ನಾಲ್ಕು ಸಲ ಓದಿದ್ದಳು. ಅಲ್ಪವಿರಾಮ ತಿದ್ದಿದ್ದಳು.

"ಇದು ಸಿಗದೇ ಹೋದ್ರೆ?"

"ಸಿಗದಿದ್ರೆ ಇಲ್ಲ. ಅಣ್ಣನ್ನ ಮುಂದಿಟ್ಕೊಂಡು ಕೈ ಒಡ್ಡಲ್ಲ ನಾನು."

"ಒಡೆಸ್ಸಾ, ನನ್ನ ಮೀನಿನ ಮಂಜೆಲ್ಲ ಕರಗ್ತಿದೆ ಕಣೆ," ಎಂದಳು ಹಿಂದೆ ನಿಂತಿದ್ದ ಹೆಂಗಸು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ, ಹುಡುಗಿ ಬರೆದದ್ದು ಬರೆದ ಹಾಗೇ ಹೋಯಿತು.

ಏಪ್ರಿಲ್‌ನಲ್ಲಿ ಉತ್ತರ ಬಂತು: ಇಲ್ಲ. ಒಡೆಸ್ಸಾಗೆ ಡೆಲೋರಾಳ ಮೇಲೆ ಸಿಟ್ಟು ಬಂತು. ಆ ಸಿಟ್ಟು ಒಂದು ಕಡೆ ನಿಲ್ಲಲಿಲ್ಲ, ತಿರುಗಿ ತನ್ನ ಮೇಲೂ ಬಂತು. ಇಬ್ಬರೂ ಕೂತು ಮತ್ತೆ ಆರು ಕಡೆಗೆ ಅರ್ಜಿ ಹಾಕಿದರು. ಮೂರು ಗಂಟೆ ದಾರಿಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುವವರೊಬ್ಬರು, ಯಾರ ಮನೆಯ ನೀರಿಗೆ ಬಿಳಿ ಬಟ್ಟೆ ಕೆಂಪಾಗುತ್ತದೆ, ಅದರಡಿ ಯಾವ ಬಂಡೆ ಇದೆ ಎಂಬ ಡೆಲೋರಾಳ ಪಟ್ಟಿಯನ್ನು ಪೂರ್ತಿ ಓದಿ ಫೋನು ಮಾಡಿದರು. ಅರ್ಧ ಶುಲ್ಕಕ್ಕೆ ವಿಭಾಗದಿಂದಲೇ ನೆರವು ಸಿಕ್ಕಿತು. ಉಳಿದದ್ದಕ್ಕೆ ಸಾಲ, ಗಲ್ಲಾದ ಕೆಲಸ.

ಸೆಪ್ಟೆಂಬರಿನಲ್ಲಿ ಒಡೆಸ್ಸಾಳ ಕಾರಿನಲ್ಲೇ ಸಾಮಾನು ಹೋಯಿತು, ಡೆಲೋರಾಳ ತಾಯಿಯೂ ಜೊತೆಗೆ ಬಂದಳು. ಹಾಸ್ಟೆಲ್ ಕೋಣೆಗೆ ಎಲ್ಲವನ್ನೂ ಏರಿಸಿ ಆದ ಮೇಲೂ ಯಾರೂ ಹೊರಡುವ ಮಾತಾಡಲಿಲ್ಲ. ಡೆಲೋರಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ತಾಯಿ ಮಂಚಕ್ಕೆ ಹೊದಿಕೆ ಹಾಸಿದಳು, ಮೂಲೆಗಳನ್ನು ಎಳೆದು ಸಿಕ್ಕಿಸಿದಳು, ಸ್ವಲ್ಪ ಹೊತ್ತು ನೋಡಿ ಎಲ್ಲವನ್ನೂ ಕಿತ್ತು ಮತ್ತೆ ಮೊದಲಿನಿಂದ ಹಾಸತೊಡಗಿದಳು. ಒಡೆಸ್ಸಾ ಹೋಗಿ ಇನ್ನೊಂದು ತುದಿ ಹಿಡಿದುಕೊಂಡಳು.